ಹಪ್ಪಳದ ಡಬ್ಬಿಯಲ್ಲಿ ಸುಧಾಕರ

ಈ ಸಲ ಆಟಿ, ಅಂದರೆ ನಮ್ಮ ತುಳುವರ ಜಡಿಮಳೆಯ ತಿಂಗಳು, ಹಿಡಿಯುವ ಹೊತ್ತಿಗೆ ಸರಿಯಾಗಿ ಮಳೆಗೆಂದು ಶಾಲೆಗಳಿಗೆ ರಜೆ ಕೊಟ್ಟರು. ಶಿರ್ವದಿಂದ ನಮ್ಮ ಅಲೆವೂರಿನ ಮನೆಗೆ ಬಂದಿದ್ದ ಅಕ್ಕನ ಮಗಳು ಎರಡನೇ ದಿನಕ್ಕೇ ಬೇಜಾರು ಬೇಜಾರು ಎಂದು ನನ್ನನ್ನು ಗೋಳು ಹೊಯ್ದುಕೊಂಡಳು. ಮೊಬೈಲು ಕೊಡುವುದಕ್ಕಿಂತ ಪುಸ್ತಕ ಕೊಡಿಸುವುದು ವಾಸಿ ಎಂದು ಅವಳನ್ನು ಮಣಿಪಾಲದ ಹಳೇ ಪುಸ್ತಕದಂಗಡಿಗೆ ಕರೆದುಕೊಂಡು ಹೋದೆ. ಹಾಸ್ಟೆಲಿನ ಮಕ್ಕಳು ಓದು ಮುಗಿಸಿ ಊರಿಗೆ ಹೊರಡುವಾಗ ಮಾರಿ ಹೋದ ಪುಸ್ತಕಗಳೆಲ್ಲ ಅಲ್ಲಿ ಬಂದು ಬೀಳುತ್ತವೆ. ಹುಡುಗಿ ಬಹಳ ಹೊತ್ತು ಹುಡುಕಿ ಒಂದು ದಪ್ಪ ಪುಸ್ತಕ ಎಳೆದು ತಂದಳು. ಮುಖಪುಟದಲ್ಲಿ ಮಂಜು, ದೂರದಲ್ಲಿ ಕಡಲಂಚಿನ ಒಂದು ದೀಪಸ್ತಂಭ, ಕೆಂಪು ಗೌನು ತೊಟ್ಟು ಬೆನ್ನು ತೋರಿಸಿ ನಿಂತ ಹುಡುಗಿ. ಕೆಳಗೆ ಮೂರನೆಯ ಭಾಗ ಎಂದು ಬರೆದಿತ್ತು.

ಒಂದು ಕಾಲದಲ್ಲಿ ನಾನು ಮಳೆಯಲ್ಲಿ ತೊಯ್ದುಕೊಂಡು ಹುಡುಕಿದ್ದ ಮೂರನೆಯ ಭಾಗ ಅದು. ಸುಮ್ಮನೆ ಪುಟ ಬಿಡಿಸಿದೆ. ಮಳೆಗಾಲದಲ್ಲಿ ಹಳೇ ಪುಸ್ತಕಕ್ಕೆ ಮುಗ್ಗಲು ವಾಸನೆ ಇದ್ದದ್ದೇ. ನನಗೆ ಮಾತ್ರ ಅದರ ಹಿಂದೆಯೇ ಹಲಸಿನ ಹಪ್ಪಳದ ವಾಸನೆ ಬಂತು. ಪುಸ್ತಕದಂಗಡಿಯಲ್ಲಿ ಹಪ್ಪಳ ಎಲ್ಲಿಂದ ಬರಬೇಕು? ಆದರೂ ಬಂತು.

ಆಗ ನಾನು ಎರಡನೇ ಪಿಯುಸಿ. ಬೆಳಿಗ್ಗೆ ಉಡುಪಿಯಲ್ಲಿ ಕಾಲೇಜು, ಸಂಜೆ ಮಣಿಪಾಲದಲ್ಲಿ ಟ್ಯೂಷನ್. ಅಪ್ಪ ಮುಂಬಯಿಯ ಹೋಟೆಲಿನಲ್ಲಿ ದುಡಿದು ನನ್ನನ್ನು ಓದಿಸುತ್ತಿದ್ದರು. ಅಮ್ಮ ದಿನಾ ಬೆಳಿಗ್ಗೆ ನನ್ನ ಭವಿಷ್ಯದ ಬಗ್ಗೆ ಚಹಾದ ಜೊತೆಗೇ ಭಾಷಣ ಕೊಡುತ್ತಿದ್ದರು. ಆ ಟ್ಯೂಷನ್ನಿನ ದಾರಿಯಲ್ಲೇ ಈ ಅಂಗಡಿ. ಆಗ ಅವರು ಬಾಡಿಗೆಗೂ ಪುಸ್ತಕ ಕೊಡುತ್ತಿದ್ದರು. ನಾನು ತರುತ್ತಿದ್ದದ್ದೆಲ್ಲ ಒಂದೇ ಜಾತಿಯ ಪುಸ್ತಕ, ಹದಿಹರೆಯದ ಹುಡುಗಿಯರಿಗೆಂದೇ ಬರೆದ ಇಂಗ್ಲಿಷ್ ಕಾದಂಬರಿಗಳು. ಒಬ್ಬಳು ಹುಡುಗಿ ಹೊಸ ಊರಿಗೆ ಬರುತ್ತಾಳೆ. ಅಲ್ಲಿ ಯಾರ ಜೊತೆಯೂ ಸೇರದ ಒಬ್ಬ ಚಂದದ ಹುಡುಗ ಇರುತ್ತಾನೆ. ಅವನು ರಕ್ತ ಕುಡಿಯುವವನಾಗಿರಬೇಕು, ಇಲ್ಲ ಹುಣ್ಣಿಮೆಗೆ ತೋಳವಾಗುವವನಾಗಿರಬೇಕು, ಅದೂ ಅಲ್ಲದಿದ್ದರೆ ಸತ್ತವನಾಗಿರಬೇಕು. ಹುಡುಗಿಗೆ ಅವನೇ ಬೇಕು. ನನಗೂ ಅವನೇ ಬೇಕಿತ್ತು ಎನ್ನಿ. ಭೌತಶಾಸ್ತ್ರದ ಪುಸ್ತಕದೊಳಗೆ ಇಟ್ಟು ಓದಿದೆ, ಬಸ್ಸಿನಲ್ಲಿ ಓದಿದೆ, ಕೆಟ್ಟ ಕೆಲಸ ಮಾಡುತ್ತಿದ್ದೇನೆ ಎಂದು ಗೊತ್ತಿದ್ದೇ ಓದಿದೆ. ಕದ್ದು ಓದಿದ್ದಕ್ಕೇ ಅಷ್ಟು ರುಚಿಯಿತ್ತೇನೋ.

ಮುಚ್ಚಿಡುವುದೇ ದೊಡ್ಡ ಸಮಸ್ಯೆ. ನಮ್ಮದು ತುಂಬಿದ ಮನೆ. ಅಜ್ಜಿ, ಮಾವ, ಅತ್ತೆ, ಅಮ್ಮ, ಅಕ್ಕ, ನಾನು. ನನ್ನದೆನ್ನುವ ಒಂದು ಮೂಲೆಯೂ ಇರಲಿಲ್ಲ. ಆದರೆ ಅಟ್ಟದ ಮೇಲೆ ಅಜ್ಜಿ ಬೇಸಗೆಯಲ್ಲಿ ಮಾಡಿ ಒಣಗಿಸಿದ ಹಲಸಿನ ಹಪ್ಪಳದ ದೊಡ್ಡ ತಗಡಿನ ಡಬ್ಬಿಯಿತ್ತು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ತಳದಲ್ಲಿ ಪುಸ್ತಕ, ಮೇಲೆ ಹಪ್ಪಳದ ಕಟ್ಟುಗಳು. ಬೆಚ್ಚಗೆ, ಒಣಗಿಕೊಂಡು ಇರುತ್ತದೆ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮಳೆ ಜೋರಾದ ಕೂಡಲೇ ಆ ಡಬ್ಬಿ ಕೆಳಗಿಳಿಯುತ್ತದೆ ಎನ್ನುವುದು ಮಾತ್ರ ತಲೆಗೆ ಹೊಳೆಯಲಿಲ್ಲ. ಆಟಿಯಲ್ಲಿ ಹಪ್ಪಳ ಸುಡದ ಮನೆ ನಮ್ಮ ಕಡೆ ಎಲ್ಲುಂಟು?

ಒಂದು ಸಂಜೆ ಟ್ಯೂಷನ್ನಿನಿಂದ ಬಂದಾಗ ಅಜ್ಜಿ ಹಿಂದಿನ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಡಬ್ಬಿ, ಡಬ್ಬಿಯ ಮುಚ್ಚಳದ ಮೇಲೆ ನನ್ನ ಪುಸ್ತಕ. ಬೈಗುಳಕ್ಕೆ ತಯಾರಾಗಿ ನಿಂತೆ. ಅಜ್ಜಿ ಬೈಯಲಿಲ್ಲ. ಅಮ್ಮನಿಗೆ ಹೇಳುವುದಿಲ್ಲ, ಆದರೆ ಇದರಲ್ಲಿ ಎಂತ ಉಂಟು ಅಂತ ನನಗೆ ಹೇಳಬೇಕು ಎಂದರು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಕಥೆ ಎಂದರೆ ಮಾತ್ರ ಊಟ ಬಿಡುವವರು.

ಹಾಗೆ ಶುರುವಾಯಿತು. ದಿನಾ ಸಂಜೆ ಚಹಾ ಕುಡಿದು ಜಗಲಿಯಲ್ಲಿ ಕೂತರೆ ನಾನು ಆ ದೀಪಸ್ತಂಭದ ಕಾದಂಬರಿಯನ್ನು ತುಳುವಿನಲ್ಲಿ ಹೇಳುವುದು, ಅಜ್ಜಿ ಬೀಜ ಸುಲಿಯುತ್ತಾ ಕೇಳುವುದು. ಇಂಗ್ಲಿಷ್ ಹೆಸರುಗಳು ಅಜ್ಜಿಯ ನಾಲಿಗೆಗೆ ಹೊಂದಲಿಲ್ಲ. ಆದ್ದರಿಂದ ಹುಡುಗಿಗೆ ಸರೋಜಿನಿ ಎಂದೂ, ದೀಪಸ್ತಂಭದಲ್ಲಿ ವಾಸವಾಗಿದ್ದ ಸತ್ತ ಹುಡುಗನಿಗೆ ಸುಧಾಕರ ಎಂದೂ ಹೆಸರಿಟ್ಟೆವು. ಸುಧಾಕರ ಅದೇ ಊರಿನ ಶಾಲೆಗೂ ಹೋಗುತ್ತಾನೆ ಎಂದಾಗ ಅಜ್ಜಿ, "ಸತ್ತವನಿಗೆ ಶಾಲೆ ಎಂತಕ್ಕೆ?" ಎಂದು ಕೇಳಿದರು. ಅದು ನನಗೂ ಹೊಳೆದಿರಲಿಲ್ಲ. ಇನ್ನೊಂದು ದಿನ ಅವನ ಬರಿ ಯಾವುದು ಎಂದು ಕೇಳಿದರು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ನಮ್ಮ ಕುಲ. ಒಂದೇ ಬರಿಯವರಿಗೆ ಮದುವೆಯಿಲ್ಲ. ಅವರಲ್ಲಿ ಬರಿ ಇಲ್ಲ ಅಜ್ಜಿ ಎಂದೆ. ಬರಿಯೇ ಇಲ್ಲದವನಿಗೆ ಹೆಣ್ಣು ಯಾರು ಕೊಡ್ತಾರೆ ಎಂದು ಅಜ್ಜಿ ಸರೋಜಿನಿಯ ತಾಯಿಯ ಪರವಾಗಿ ಚಿಂತೆ ಮಾಡಿದರು. ಹೊರಗೆ ಹೆಂಚಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು, ಒಳಗೆ ಕೆಂಡದ ಮೇಲೆ ಹಪ್ಪಳ. ಪರೀಕ್ಷೆಯ ಚಿಂತೆ ಬಿಟ್ಟರೆ ಅಷ್ಟು ಸುಖದ ಸಂಜೆಗಳು ನನಗೆ ಮತ್ತೆ ಸಿಗಲಿಲ್ಲ. ಆ ಸುಖವನ್ನು ನೆನೆಸಿಕೊಳ್ಳುವುದಕ್ಕೂ ಈಗ ಸಂಕೋಚವಾಗುತ್ತದೆ.

ಯಾಕೆಂದರೆ ಅದೇ ಹೊತ್ತಿಗೆ ಮನೆಯ ಒಳಗೆ ಇನ್ನೊಂದು ಮಾತು ನಡೆಯುತ್ತಿತ್ತು. ಅಕ್ಕನಿಗೆ ಆಗ ಇಪ್ಪತ್ತೇಳು. ಬಂದ ಸಂಬಂಧಗಳೆಲ್ಲ ಒಂದೊಂದು ಕಾರಣಕ್ಕೆ ಮುರಿದು ಹೋಗಿದ್ದವು. ಕೊನೆಗೆ ಶಿರ್ವದ ಒಬ್ಬರು ಬಂದು ನೋಡಿ ಹೋದರು. ಮಸ್ಕತ್‌ನಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದವರು. ಅಕ್ಕ ಮೊದಲ ಸಲ ಬಾಯಿಬಿಟ್ಟು ಇವರಾದರೆ ಆಗಬಹುದು ಎಂದಳು. ಅಷ್ಟರಲ್ಲಿ ಮಾವ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಮನೆಯಲ್ಲಿ ಮದುವೆಯಾಗದೆ ತೀರಿಹೋದ ಒಂದು ಹೆಣ್ಣುಂಟು, ಅದು ಮದುವೆ ಕೇಳುತ್ತಾ ಉಂಟು, ಅದರದು ಮುಗಿಸದೆ ಇವಳದ್ದು ಸರಿಹೋಗುವುದಿಲ್ಲ ಎಂದು ಪ್ರಶ್ನೆಯಲ್ಲಿ ಕಂಡಿತು.

ಆ ಹೆಣ್ಣು ನನ್ನ ಚಿಕ್ಕಮ್ಮ ಲಲಿತಾ, ಅಜ್ಜಿಯ ಕೊನೆಯ ಮಗಳು. ದಮ್ಮಿನ ಕಾಯಿಲೆಯಿಂದ ತೀರಿಕೊಂಡಾಗ ಅವಳಿಗೆ ಆ ಪಿಯುಸಿಯ ನನ್ನಷ್ಟೇ ಪ್ರಾಯ. ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಸತ್ತವರನ್ನು ನಾವು ಕುಲೆ ಎನ್ನುತ್ತೇವೆ, ಮದುವೆಯಾಗದೆ ಸತ್ತವರಿಗೆ ಅದೇ ರೀತಿ ಮದುವೆಯಾಗದೆ ಸತ್ತ ಇನ್ನೊಬ್ಬರನ್ನು ಹುಡುಕಿ ಆಟಿಯಲ್ಲಿ ಮದುವೆ ಮಾಡಿಸುತ್ತೇವೆ. ಹುಡುಗನ ಕಡೆಯವರು ಬರುತ್ತಾರೆ, ಬರಿ ಕೇಳುತ್ತಾರೆ, ಜಾತಕ ನೋಡುತ್ತಾರೆ, ಸೀರೆ ತರುತ್ತಾರೆ, ಊಟ ಹಾಕುತ್ತಾರೆ. ಬದುಕಿದವರ ಮದುವೆಗೆ ಎಷ್ಟು ತಕರಾರೋ ಅಷ್ಟೇ ತಕರಾರು ಇದರಲ್ಲೂ ಉಂಟು. ಶಿರ್ವದವರೂ ನಮ್ಮ ನಂಬಿಕೆಯವರೇ. ಆಟಿಯೊಳಗೆ ನಿಮ್ಮ ಮನೆಯ ಕೆಲಸ ಮುಗಿಸಿ, ಹುಡುಗ ಹಿಂದೆ ಹೋಗುವ ಮೊದಲು ನಿಶ್ಚಯ ಮಾಡೋಣ, ಅಷ್ಟರಲ್ಲಿ ಆಗದಿದ್ದರೆ ನಾವು ಬೇರೆ ಕಡೆ ನೋಡಬೇಕಾಗ್ತದೆ ಎಂದು ಮರ್ಯಾದೆಯಿಂದಲೇ ಹೇಳಿ ಕಳಿಸಿದರು.

ನನಗೆ ಏನನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಖುಷಿಯಾಯಿತು. ನಮ್ಮ ಮನೆಯಲ್ಲೇ ಒಂದು ಕಾದಂಬರಿ ಎಂದು ಮೈ ಜುಮ್ಮೆಂದಿತು. ಅಕ್ಕ ಊಟ ಸೇರದೆ ಅನ್ನ ಕಲಸುತ್ತಾ ಕೂರುತ್ತಿದ್ದಳು. ಅಮ್ಮ ಮತ್ತು ಮಾವ ಫೋನಿನಲ್ಲಿ ಸತ್ತ ಹುಡುಗರನ್ನು ವಿಚಾರಿಸುತ್ತಿದ್ದರು. ನಾನು ಮಾತ್ರ ಲಲಿತಾ ಚಿಕ್ಕಮ್ಮನಿಗೆ ದೀಪಸ್ತಂಭದ ಸುಧಾಕರನಂಥವನೇ ಸಿಗಲಿ ಎಂದು ಹಾಸಿಗೆಯಲ್ಲಿ ಹೊರಳುತ್ತಾ ಕನಸು ಕಾಣುತ್ತಿದ್ದೆ.

ಎರಡನೆಯ ಭಾಗದ ಕೊನೆಯನ್ನು ಅಜ್ಜಿಗೆ ಹೇಳಿದ್ದು ಆ ದಿನಗಳಲ್ಲೇ. ಸುಧಾಕರನಿಗೆ ಬದುಕಿದ್ದಾಗ ತೀರದೆ ಉಳಿದ ಒಂದು ಆಸೆಯಿರುತ್ತದೆ. ಸರೋಜಿನಿ ಕಷ್ಟಪಟ್ಟು ಅದನ್ನು ತೀರಿಸುತ್ತಾಳೆ. ತೀರಿಸಿದ ಕೂಡಲೇ ಅವನ ಕೈ ಅವಳ ಕೈಯೊಳಗಿಂದ ಕರಗಿ ಹೋಗುತ್ತದೆ, ಅವನು ಬೆಳಕಿನ ಕಡೆಗೆ ನಡೆದು ಮಾಯವಾಗುತ್ತಾನೆ. ನಾನು ಅಳುತ್ತಾ ಹೇಳಿದೆ, ಆ ಅಳುವಿನಲ್ಲೂ ಸುಖವೇ ಇತ್ತು. ಅಜ್ಜಿಯ ಕೈ ನಿಂತಿತು.

"ಹೋದವ ಮತ್ತೆ ಬರುವುದಿಲ್ವಾ?"

"ಇಲ್ಲ ಅಜ್ಜಿ. ಆಸೆ ತೀರಿದ ಮೇಲೆ ಸತ್ತವರು ಬರುವುದಿಲ್ಲ. ಅದಕ್ಕೇ ಅಲ್ವಾ ಅಷ್ಟು ಬೇಸರ?"

ಅಜ್ಜಿ ಸುಲಿದ ಬೀಜಗಳನ್ನು ಬಾಚಿಕೊಂಡು ಒಳಗೆ ಹೋದರು. ಕಥೆ ಅಷ್ಟು ತಾಗಿತಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

ಅದೇ ವಾರ ಕಾಪುವಿನಿಂದ ಒಂದು ಸಂಬಂಧ ಬಂತು. ಬರಿ ಬೇರೆ, ಪ್ರಾಯ ಸರಿ, ಒಳ್ಳೆಯ ಜನ. ಅಜ್ಜಿ ಬೇಡ ಎಂದರು. ಮಾವ ಕಾರಣ ಕೇಳಿದರೆ, ಅವರ ಮನೆ ಕಡಲಿನ ಬುಡದಲ್ಲಿ ಉಂಟು, ಉಪ್ಪುಗಾಳಿ, ಲಲಿತಾಗೆ ದಮ್ಮು ಎಂದರು. ಮಾವ ಕಾಪುವಿನವರಿಗೆ ಬೇಡವೆಂದು ಹೇಳಿ ಕಳಿಸಿದರು. ಸತ್ತ ಮಗಳ ದಮ್ಮಿನ ಬಗ್ಗೆ ತಾಯಿಯ ಹತ್ತಿರ ವಾದ ಮಾಡುವುದು ಹೇಗೆ? ಎರಡನೆಯದು ನಂದಿಕೂರಿನ ಕಡೆಯದು. ಆ ಹುಡುಗ ತೊಟ್ಟಿಲಲ್ಲೇ ತೀರಿಕೊಂಡವನು. ಕುಲೆಗಳಿಗೂ ವರ್ಷಕ್ಕೆ ವರ್ಷ ಪ್ರಾಯ ಕೂಡುತ್ತದೆ ಎಂಬ ಲೆಕ್ಕದಲ್ಲಿ ಅವನು ಈಗ ದೊಡ್ಡವನೇ. ಆದರೂ ಅಜ್ಜಿ, ತಾಯಿಯ ಹಾಲು ಬಿಡದೆ ಹೋದವನು, ನನ್ನ ಮಗಳು ಗಂಡನನ್ನು ನೋಡುವುದಾ ಮಗುವನ್ನು ಸಾಕುವುದಾ ಎಂದು ಎದ್ದು ಹೋದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಕ್ಕ ನಗಲಿಲ್ಲ. ಅಂದಿನಿಂದ ಅವಳು ಶಿರ್ವದ ಮಾತೆತ್ತುವುದನ್ನೇ ಬಿಟ್ಟಳು. ಆಟಿ ಅರ್ಧ ಕಳೆದಿತ್ತು.

ಅಕ್ಕನ ಮುಖ ನೋಡಲಾಗದೆ ನಾನೇ ಜಗಲಿಯಲ್ಲಿ ಅಜ್ಜಿಯನ್ನು ಕೇಳಿದೆ. ಯಾಕಜ್ಜಿ ಹೀಗೆ ಮಾಡ್ತೀರಿ, ಚಿಕ್ಕಮ್ಮನ ಮದುವೆ ಆಗುವುದು ಬೇಡವಾ ಎಂದೆ. ಅಜ್ಜಿ ಬೀಜ ಸುಲಿಯುತ್ತಲೇ ಹೇಳಿದರು.

"ವರ್ಷಕ್ಕೆ ಒಂದು ಸಲವಾದರೂ ಬರ್ತಾಳೆ ಮಗಾ. ಮದುವೆ ಮಾಡಿಸಿದರೆ ಅವಳ ಆಸೆ ತೀರಿತು. ಮತ್ತೆ ಯಾಕೆ ಬರ್ತಾಳೆ? ನೀನೇ ಹೇಳಿದ್ದಲ್ವಾ."

ಆಟಿಯಲ್ಲಿ ಒಂದು ದಿನ ತೀರಿಹೋದವರಿಗೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ಉಂಟು. ಅಜ್ಜಿ ಪ್ರತಿ ವರ್ಷ ಲಲಿತಾ ಚಿಕ್ಕಮ್ಮನ ಎಲೆಗೆ ಕೆಸುವಿನ ಪತ್ರೊಡೆಯನ್ನೂ ಒಣಸಿಗಡಿಯ ಚಟ್ನಿಯನ್ನೂ ತಾವೇ ಬಡಿಸುತ್ತಿದ್ದರು. ಬಡಿಸಿ ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರುವುದು. ಸ್ವಲ್ಪ ಹೊತ್ತು ಬಿಟ್ಟು ಅಜ್ಜಿ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ನೋಡಿ ಬಂದು, ಪತ್ರೊಡೆ ಸ್ವಲ್ಪ ಮುಟ್ಟಿದ್ದಾಳೆ ಎನ್ನುತ್ತಿದ್ದರು. ಕೆಲವು ವರ್ಷ, ಚಟ್ನಿಗೆ ಹುಳಿ ಜಾಸ್ತಿಯಾಯಿತು ಕಾಣ್ತದೆ, ತಿನ್ನಲಿಲ್ಲ ಎಂದು ಪೇಚಾಡುತ್ತಿದ್ದರು. ಅದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೆ. ಅದು ಅಜ್ಜಿಗೆ ಏನು ಎಂದು ಯೋಚಿಸಿರಲಿಲ್ಲ. ಬಾಡಿಗೆಗೆ ತಂದ ಪುಸ್ತಕದ ಮಾತೊಂದನ್ನು ತಂದು ಆ ಎಲೆಯ ಮೇಲೆ ಹಾಕಿದ್ದೆ.

ಅದು ಬರೀ ಕಥೆ ಅಜ್ಜಿ, ಅಮೆರಿಕದಲ್ಲಿ ಯಾರೋ ಕೂತು ಕಟ್ಟಿ ಬರೆದದ್ದು ಎಂದು ಹೇಳಿದೆ. ಅಷ್ಟು ದಪ್ಪದ ಪುಸ್ತಕವನ್ನು ಯಾರಾದರೂ ಸುಮ್ಮನೆ ಬರೆಯುತ್ತಾರಾ ಎಂದು ಅಜ್ಜಿ ನನ್ನನ್ನೇ ಕೇಳಿದರು. ಆಗ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಮೂರನೆಯ ಭಾಗ ಉಂಟು, ಅದರಲ್ಲಿ ಸುಧಾಕರ ಮತ್ತೆ ಬರುತ್ತಾನೆ ಎಂದೆ. ಅಜ್ಜಿಯ ಮುಖ ಅರಳಿತು. ಹಾಗಾದರೆ ಅದನ್ನು ತಾ, ಓದಿ ಹೇಳು ಎಂದರು.

ಮರುದಿನ ಟ್ಯೂಷನ್ ತಪ್ಪಿಸಿ ಅಂಗಡಿಗೆ ಓಡಿದೆ. ಆ ಭಾಗವನ್ನು ಯಾರೋ ಹಾಸ್ಟೆಲಿನ ಹುಡುಗಿ ಕೊಂಡುಹೋದವಳು ಹಿಂದೆ ತಂದಿಲ್ಲ ಎಂದರು. ಉಡುಪಿಯಲ್ಲೂ ನಾಲ್ಕಾರು ಅಂಗಡಿ ಹತ್ತಿ ಇಳಿದೆ. ಕೊಡೆ ಮುರಿಯಿತು, ಚಪ್ಪಲಿ ಕಿತ್ತು ಬಂತು, ಪುಸ್ತಕ ಸಿಗಲಿಲ್ಲ. ಕೊನೆಗೆ ಸಿಕ್ಕಿದ ಇನ್ನೊಂದು ದಪ್ಪ ಕಾದಂಬರಿ ತಂದು, ಇದೇ ಎಂದು ಜಗಲಿಯಲ್ಲಿ ಕೂತು ಬಾಯಿಗೆ ಬಂದದ್ದನ್ನು ಕಟ್ಟಿ ಹೇಳತೊಡಗಿದೆ. ಸುಧಾಕರ ಹಡಗಿನಲ್ಲಿ ಬಂದ, ಸರೋಜಿನಿ ಅವನನ್ನು ಎದುರುಗೊಳ್ಳಲು ಓಡಿದಳು. ಅಜ್ಜಿ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡು ಮುಖಪುಟವನ್ನು ಬೆಳಕಿಗೆ ಹಿಡಿದರು. ಅದರಲ್ಲೊಂದು ತೋಳ ಹಲ್ಲು ಬಿಟ್ಟುಕೊಂಡು ನಿಂತಿತ್ತು.

"ಇದರಲ್ಲಿ ನಾಯಿ ಉಂಟಲ್ಲ ಮಗಾ. ಸುಧಾಕರ ಎಲ್ಲಿ?"

ಅಜ್ಜಿ ಸಿಟ್ಟು ಮಾಡಲಿಲ್ಲ, ಅಕ್ಕನಿಗೋಸ್ಕರ ಹೇಳಿದಿಯಲ್ಲ, ಪರವಾಗಿಲ್ಲ ಎಂದು ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ದಿನದಿಂದ ಡಬ್ಬಿಯಲ್ಲಿ ಪುಸ್ತಕ ಇಡುವುದನ್ನು ಬಿಟ್ಟೆ, ಓದುವುದನ್ನೂ ಬಿಟ್ಟೆ. ಅಕ್ಕನ ಎದುರು ಕೂತು ಉಣ್ಣಲು ನನಗೂ ಆಗುತ್ತಿರಲಿಲ್ಲ. ಅಮ್ಮ ಅದನ್ನು ಪರೀಕ್ಷೆಯ ಚಿಂತೆ ಎಂದುಕೊಂಡು ರಾತ್ರಿ ಹಾಲು ಕೊಡಲು ಶುರುಮಾಡಿದರು.

ಆಟಿ ಮುಗಿಯಲು ಒಂದು ವಾರವಿದೆ ಎನ್ನುವಾಗ ಕಾರ್ಕಳದ ಕಡೆಯಿಂದ ಮೂರನೆಯ ಸಂಬಂಧ ಬಂತು. ಹುಡುಗನ ಹೆಸರು ಭಾಸ್ಕರ, ಜ್ವರದಲ್ಲಿ ತೀರಿಕೊಂಡವನು. ಇಂಥ ಮಾತಿಗೆ ಸಾಮಾನ್ಯವಾಗಿ ಗಂಡಸರು ಬರುವುದು. ಆ ದಿನ ಹುಡುಗನ ತಾಯಿಯೇ ಬಂದಿದ್ದರು, ಎರಡು ಬಸ್ಸು ಬದಲಿಸಿ, ಸೀರೆಯ ಅಂಚೆಲ್ಲ ಒದ್ದೆ ಮಾಡಿಕೊಂಡು. ಜೊತೆಯಲ್ಲಿ ದೊಡ್ಡ ಮಗ. ಸೊಸೆಯ ಮನೆ ನೋಡದೆ ಹೇಗೆ ಎಂದು ಚಾವಡಿಯಲ್ಲಿ ಕೂತರು. ಅಜ್ಜಿ ಬೇಡ ಎನ್ನಲು ತಯಾರಾಗಿಯೇ ಬಂದು ಎದುರು ಕೂತದ್ದು ನನಗೆ ಗೊತ್ತಾಗುತ್ತಿತ್ತು. ನಾನು ಒಳಗಿನ ಬಾಗಿಲಿಗೆ ಅಂಟಿಕೊಂಡಿದ್ದೆ.

ಕಾರ್ಕಳದ ಅಮ್ಮ ಬರಿ ಕೇಳಲಿಲ್ಲ, ಜಾತಕವನ್ನೂ ಕೇಳಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು, "ನಿಮ್ಮ ಹುಡುಗಿಗೆ ಊಟಕ್ಕೆ ಎಂತ ಇಷ್ಟ?" ಎಂದು ಕೇಳಿದರು.

ಅಜ್ಜಿ ಆ ಪ್ರಶ್ನೆಗೆ ಸಿದ್ಧರಾಗಿರಲಿಲ್ಲ. ಲಲಿತಾ ತೀರಿಹೋದ ಮೇಲೆ ಅವಳ ಇಷ್ಟ ಏನೆಂದು ಹೊರಗಿನವರು ಯಾರೂ ಕೇಳಿರಲಿಕ್ಕಿಲ್ಲ. ಪತ್ರೊಡೆ, ಒಣಸಿಗಡಿ ಚಟ್ನಿ, ಹುಳಿ ಜಾಸ್ತಿಯಾದರೆ ತಿನ್ನುವುದಿಲ್ಲ ಎಂದರು. ನಮ್ಮವನಿಗೂ ಹುಳಿ ಆಗುವುದಿಲ್ಲ ಎಂದರು ಕಾರ್ಕಳದ ಅಮ್ಮ. ಆಮೇಲೆ ಇಬ್ಬರೂ ಮಕ್ಕಳ ಜ್ವರ, ಕೆಮ್ಮು, ಹಠ ಎಂದು ಮಾತಿಗಿಳಿದರು. ಮಾವನೂ ಆ ದೊಡ್ಡ ಮಗನೂ ಸುಮ್ಮನೆ ಅಂಗಳದ ನೀರು ನೋಡುತ್ತಾ ಕೂತರು. ಮಾತು ಒಂದು ಕಡೆ ನಿಂತಾಗ ಅಜ್ಜಿ ನೆಟ್ಟಗೆ ಕೂತು ಹೇಳಿದರು.

"ಒಂದು ಮಾತು. ಮದುವೆ ಮಾಡಿಸಿದ ಮೇಲೆ ನನ್ನ ಮಗಳು ಮತ್ತೆ ಈ ಮನೆಗೆ ಬರುವುದಿಲ್ಲ ಅಂತಾದರೆ, ನನಗೆ ಈ ಮದುವೆ ಬೇಡ."

ಮಾವ ತಟ್ಟನೆ ತಿರುಗಿ ಅಜ್ಜಿಯನ್ನು ನೋಡಿದರು. ಉಪ್ಪುಗಾಳಿಯ ಹಿಂದೆ ಇದ್ದ ಸಂಗತಿ ಅವರಿಗೆ ತಿಳಿದದ್ದು ಆಗಲೇ. ಕಾರ್ಕಳದ ಅಮ್ಮ ಮೆಲ್ಲಗೆ, ಹಾಗೆಂದು ನಿಮಗೆ ಯಾರು ಹೇಳಿದ್ದು ಎಂದು ಕೇಳಿದರು. ಅಜ್ಜಿಯ ಕಣ್ಣು ಒಂದು ಕ್ಷಣ ನಾನಿದ್ದ ಬಾಗಿಲಿನ ಕಡೆ ಬಂತು. ನನಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಅಜ್ಜಿ ಕಣ್ಣು ಹಿಂದೆ ತೆಗೆದುಕೊಂಡು, ಎಲ್ಲಿಯೋ ಕೇಳಿದ ನೆನಪು ಎಂದರು.

ಕಾರ್ಕಳದ ಅಮ್ಮ ಮುಂದೆ ಸರಿದು ಅಜ್ಜಿಯ ಕೈ ಹಿಡಿದುಕೊಂಡರು. "ಅಕ್ಕಾ, ಮದುವೆಯಾದ ಹೆಣ್ಣು ಆಟಿಗೆ ತವರಿಗೆ ಬರುವುದಿಲ್ವಾ? ನನ್ನ ಸೊಸೆಯನ್ನು ನಾನು ಆಟಿಗೆ ಕಳಿಸದೆ ಇರ್ತೇನಾ?"

ಇಷ್ಟೇ. ನಮ್ಮಲ್ಲಿ ಹೊಸ ಮದುಮಗಳು ಆಟಿಗೆ ತವರಿಗೆ ಬಂದು ಕೂರುವುದು ಎಲ್ಲರಿಗೂ ಗೊತ್ತಿದ್ದ ಮಾತು. ಅಜ್ಜಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಉಡುಪಿಯ ಅಂಗಡಿ ಅಂಗಡಿ ಅಲೆದು ನಾನು ಇಂಗ್ಲಿಷ್ ಪುಸ್ತಕದಲ್ಲಿ ಹುಡುಕಿದ್ದು ನಮ್ಮ ಮನೆಯ ಹೊಸ್ತಿಲಲ್ಲೇ ಇತ್ತು. ಅಜ್ಜಿ ಆ ಕೈ ಬಿಡದೆ ಬಹಳ ಹೊತ್ತು ಅತ್ತರು. ಅತ್ತು ಮುಗಿಸಿ, ಬರಿ ಯಾವುದು ಎಂದು ಕೇಳಿದರು.

ಮೂರು ದಿನ ಬಿಟ್ಟು ಮದುವೆ. ಕುಲೆ ಮದುವೆಯನ್ನು ಮದುವೆಯಾಗದವರು ನೋಡಬಾರದು ಎಂದು ನನ್ನನ್ನೂ ಅಕ್ಕನನ್ನೂ ಒಳಕೋಣೆಗೆ ಕಳಿಸಿ ಬಾಗಿಲು ಎಳೆದುಕೊಂಡರು. ಚಾವಡಿಯಲ್ಲಿ ಎರಡು ಮಣೆ, ಒಂದರ ಮೇಲೆ ಸೀರೆ, ಒಂದರ ಮೇಲೆ ಅಂಗಿ ಪಂಚೆ ಇಡುವುದನ್ನು ಮಾತ್ರ ಮೊದಲೇ ಕಂಡಿದ್ದೆ. ಉಳಿದದ್ದೆಲ್ಲ ಕಿವಿಗೆ ಬಂದದ್ದು. ಮಲ್ಲಿಗೆಯ ಚೆಂಡು ಎಲ್ಲಿ, ಮದುಮಗಳನ್ನು ಬಲಕ್ಕೆ ಕರೆದುಕೊಂಡು ಬನ್ನಿ, ಯಾರಾದರೂ ಅವಳ ಸೆರಗು ಹಿಡಿದುಕೊಳ್ಳಿ. ಅಮ್ಮನ ಧ್ವನಿ, ಅತ್ತೆಯ ಧ್ವನಿ. ಒಬ್ಬಳು ಹುಡುಗಿ ನಿಜವಾಗಿ ನಡೆದು ಬರುತ್ತಿದ್ದಾಳೆ ಎನ್ನುವ ಹಾಗೆ. ನನ್ನ ಕಾದಂಬರಿಗಳಲ್ಲಿ ಸತ್ತವರು ಬಂದಾಗ ಗಾಳಿ ಬೀಸುತ್ತಿತ್ತು, ದೀಪ ಆರುತ್ತಿತ್ತು. ಇಲ್ಲಿ ಊಟಕ್ಕೆ ಎಲೆ ಸಾಕಾಗುತ್ತದಾ ಎಂದು ಮಾವ ಕೇಳುತ್ತಿದ್ದರು.

ಅಕ್ಕ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಾಪುವಿನವರನ್ನು ಅಜ್ಜಿ ಯಾಕೆ ಬೇಡ ಅಂದರು ಎಂದು ನಿನಗೆ ಗೊತ್ತುಂಟಾ ಎಂದು ಪಿಸುಮಾತಿನಲ್ಲಿ ಕೇಳಿದಳು. ಗೊತ್ತಿಲ್ಲ ಎಂದೆ. ಉಪ್ಪುಗಾಳಿ ಅಂತೆ ಮಾರಾಯ್ತಿ ಎಂದು ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ತುಂಬಿತು. ಇವತ್ತಿಗೂ ಶಿರ್ವದ ಮನೆಯಲ್ಲಿ ನಾಲ್ಕು ಜನ ಸೇರಿದರೆ ಅಕ್ಕ ಆ ಉಪ್ಪುಗಾಳಿಯ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾಳೆ. ನಾನೂ ನಗುತ್ತೇನೆ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.

ಮರುವರ್ಷ ಆಟಿ ಬಂತು. ಅಕ್ಕ ಆಗ ಬಸುರಿ, ತವರಿಗೆ ಬಂದು ಕೂತಿದ್ದಳು. ಎಲೆ ಹಾಕುವ ದಿನ ಬೆಳಿಗ್ಗೆಯಿಂದ ಅಜ್ಜಿ ಪತ್ರೊಡೆಯ ಹಿಟ್ಟಿನಲ್ಲಿ ಕೈಯಿಟ್ಟುಕೊಂಡು ಫೋನಿನ ಕಡೆ ನೋಡುತ್ತಿದ್ದರು. ಸೊಸೆಯನ್ನು ಕಳಿಸುವಾಗ ಫೋನು ಮಾಡುತ್ತೇನೆಂದಿದ್ದ ಕಾರ್ಕಳದ ಅಮ್ಮ ಮರೆತಿರಬಹುದು ಎಂದು ನನಗೆ ಒಳಗೊಳಗೇ ಹೆದರಿಕೆ. ಹನ್ನೊಂದರ ಹೊತ್ತಿಗೆ ಫೋನು ಬಂತು. ಎತ್ತಿದ್ದು ನಾನು. ಆ ಕಡೆಯಿಂದ ಅವರು ಬೇರೆ ಮಾತೇ ಆಡಲಿಲ್ಲ.

"ಅಜ್ಜಿಗೆ ಹೇಳು ಮಗಾ. ಹೊರಟಿದ್ದಾರೆ. ಇಬ್ಬರೂ."

ಅಜ್ಜಿ ಆ ದಿನ ಎರಡು ಎಲೆ ಹಾಕಿದರು. ಬಾಗಿಲು ತೆರೆದು ನೋಡಿ ಬಂದು, ಅಳಿಯ ನಾಚಿಕೆಯವ, ಏನೂ ತಿಂದಿಲ್ಲ ಎಂದರು. ಹೀಗೆ ವರ್ಷ ವರ್ಷವೂ ನಡೆಯಿತು. ಅಜ್ಜಿ ಹೋದ ವರ್ಷ ದೀಪಾವಳಿಯ ಹೊತ್ತಿಗೆ ತೀರಿಕೊಂಡರು.

ಅಂಗಡಿಯಲ್ಲಿ ನಿಂತೇ ನಾನು ಆ ಮೂರನೆಯ ಭಾಗದ ಕೊನೆಯ ಪುಟಗಳನ್ನು ಓದಿದೆ. ಸುಧಾಕರ ಬರುವುದಿಲ್ಲ. ಸರೋಜಿನಿ ಪ್ರಾಯ ಹೋದವಳಾಗಿ ದೀಪಸ್ತಂಭದ ಮೆಟ್ಟಿಲಲ್ಲಿ ಕೂರುತ್ತಾಳೆ, ಸಂಜೆಯಾಗುತ್ತದೆ, ಎದ್ದು ಹೋಗುತ್ತಾಳೆ. ಆ ಪುಸ್ತಕ ಅಂದೇ ನನ್ನ ಕೈಗೆ ಸಿಕ್ಕಿದ್ದರೆ ಅಜ್ಜಿಯ ಮುಖ ನೋಡಿ ಏನು ಹೇಳುತ್ತಿದ್ದೆನೋ. ಚಂದ ಉಂಟಾ ಚಿಕ್ಕಿ ಎಂದು ಹುಡುಗಿ ಕೇಳಿದಳು. ನೀನೇ ಓದಿ ನೋಡು, ಆದರೆ ಮೊದಲ ಭಾಗದಿಂದ ಎಂದೆ. ಮೂರೂ ಭಾಗ ಹುಡುಕಿ ಕಟ್ಟಿಸಿಕೊಂಡು ಬಂದೆವು.

ಮೊನ್ನೆ ಎಲೆ ಹಾಕುವ ದಿನ. ಅಮ್ಮ ಬೆಳಿಗ್ಗೆಯೇ ಪತ್ರೊಡೆಗೆ ಕೂತಿದ್ದರು. ಎಷ್ಟು ಎಲೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಜ್ಜಿ ಇಲ್ಲದ ಮನೆಗೆ ಕಾರ್ಕಳದವರು ಇನ್ನು ಯಾಕೆ ಫೋನು ಮಾಡುತ್ತಾರೆ ಎಂದುಕೊಂಡಿದ್ದೆ. ಹನ್ನೊಂದು ಕಳೆದ ಮೇಲೆ ಬಂತು. ಅವರ ಸ್ವರ ಬಹಳ ಇಳಿದಿತ್ತು, ಕಿವಿಯೂ ಮಂದವಾಗಿತ್ತು. ಯಾರು ಎಂದು ಎರಡು ಸಲ ಕೇಳಿದರು.

"ನಿನ್ನ ಅಜ್ಜಿ ಇಲ್ಲದ ಮನೆ ಮಗಾ. ಈ ವರ್ಷ ಅಲ್ಲಿ ಕಾಯುವವರು ಉಂಟಾ ಅಂತ ಗೊತ್ತಾಗಲಿಲ್ಲ. ಕಳಿಸಲಾ? ಇಲ್ಲದಿದ್ದರೆ ಇಲ್ಲಿಯೇ ಬಡಿಸ್ತೇನೆ."

ನಾನು ಇಂಥದ್ದನ್ನು ನಂಬುವವಳೋ ಅಲ್ಲವೋ ಇಂದಿಗೂ ನನಗೆ ತಿಳಿಯದು. ಹಿಂದೆ ಒಮ್ಮೆ ತಿಳಿಯದೆಯೇ, ಸತ್ತವರು ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದೆ.

"ಕಳಿಸಿ ಅಮ್ಮ," ಎಂದೆ. "ಅಜ್ಜಿಯೂ ಬಂದು ಕಾಯ್ತಾ ಇದ್ದಾರೆ."

ಆ ಕಡೆಯಿಂದ, ಹಾಗಾದರೆ ಹೊರಟರು ಎಂದರು. ನಾನು ಫೋನಿಟ್ಟು, ಮೂರು ಎಲೆ ಎಂದು ಅಮ್ಮನಿಗೆ ಹೇಳಿ, ಅಟ್ಟ ಹತ್ತಿ ಹಪ್ಪಳದ ಡಬ್ಬಿ ಇಳಿಸಿದೆ.